ಬೇಸಿಗೆಯ ಓದು, ಕಕ್ಕಡದಲ್ಲಿ

ಬೇಸಿಗೆ ರಜೆಯಲ್ಲಿ ಮಕ್ಕಳು ಏನು ಓದಬೇಕೆಂದು ಪಟ್ಟಿ ಮಾಡುವವರು ಕೊಡಗಿನಲ್ಲಿ ಒಂದೇ ಒಂದು ಏಪ್ರಿಲನ್ನೂ ಕಳೆದವರಲ್ಲ. ಆರನೇ ಕ್ಲಾಸಿನ ನನ್ನ ಮಗನಿಗೆ ಶಾಲೆಯಿಂದ ವಾಟ್ಸಾಪಿನಲ್ಲಿ ಬಂದ ಪಟ್ಟಿಯಲ್ಲಿ ವಿಂಪಿ ಕಿಡ್‌ನಿಂದ ಹಿಡಿದು ರಸ್ಕಿನ್ ಬಾಂಡ್‌ವರೆಗೆ ಸಕಲರೂ ಇದ್ದರು. ಒಂದೊಂದು ಪುಸ್ತಕಕ್ಕೂ ‘ನನಗೆ ಇಷ್ಟವಾದ ಪಾತ್ರ’ದ ಬಗ್ಗೆ ಹತ್ತು ಸಾಲು ಬರೆಯಬೇಕಂತೆ. ಓದಿನ ಮಜಾ ಕೆಡಿಸಲು ಇದಕ್ಕಿಂತ ಸುಲಭದ ದಾರಿ ನನಗಂತೂ ಗೊತ್ತಿಲ್ಲ.

ಏಪ್ರಿಲ್‌ನಲ್ಲಿ ಇಲ್ಲಿ ಮನೆಯೊಳಗೆ ಇರುವವರಾದರೂ ಯಾರು? ಮದುವೆ, ಮದುವೆಯೂಟ, ಹಲಸಿನಹಣ್ಣು, ಎಲ್ಲಕ್ಕೂ ಮೇಲೆ ಕೊಡವ ಕುಟುಂಬಗಳ ಹಾಕಿ. 1997ರಲ್ಲಿ ಪಾಂಡಂಡ ಮನೆಯವರು ಕರಡದಲ್ಲಿ ಶುರುಮಾಡಿದಾಗ 60 ತಂಡಗಳಿದ್ದವು, ಈಗ 300 ದಾಟಿದೆ. ನಾವು ಆ ಪಂದ್ಯಕ್ಕೆ ಸೇರದ ಮನೆಯವರು. ಆದರೂ ಮಗ ಪಕ್ಕದ ಮನೆಯವರ ತಂಡವನ್ನು ದತ್ತು ತೆಗೆದುಕೊಂಡಿದ್ದಾನೆ. ಆ ತಿಂಗಳು ಅವನು ಕಣ್ಣಿಟ್ಟು ಓದುವುದು ‘ಶಕ್ತಿ’ ಪತ್ರಿಕೆಯ ಹಾಕಿ ಫಲಿತಾಂಶ ಮಾತ್ರ. ಯಾವ ಮನೆಗೆ ಯಾವ ಮನೆ ಸೋತಿತು, ಗೋಲು ಹೊಡೆದವರು ಯಾರು, ಎಲ್ಲ ಬಾಯಿಪಾಠ. ಅಷ್ಟು ಪಾತ್ರಗಳು ಮಹಾಭಾರತದಲ್ಲೂ ಸಿಗಲಿಕ್ಕಿಲ್ಲ. ಆದರೆ ಅದರ ಬಗ್ಗೆ ಹತ್ತು ಸಾಲು ಬರಿ ಅಂತ ಯಾರೂ ಕೇಳುವುದಿಲ್ಲ.

ನಮ್ಮಲ್ಲಿ ಪುಸ್ತಕದ ಕಾಲ ಶುರುವಾಗುವುದು ಜೂನ್ ಮೇಲೆ. ಕಕ್ಕಡ ಎಂಬ ನಮ್ಮ ಮಳೆಯ ತಿಂಗಳು ಹೊಕ್ಕಿತೆಂದರೆ ಮೊದಲು ಕರೆಂಟು ಹೋಗುತ್ತದೆ, ಬೆನ್ನಿಗೇ ನೆಟ್‌ವರ್ಕ್. ಆಮೇಲೆ ಜಿಲ್ಲಾಧಿಕಾರಿಗಳು ಶಾಲೆಗೆ ಮಳೆ ರಜೆ ಕೊಡುತ್ತಾರೆ. ಹೊರಗೆ ಕಾಲಿಟ್ಟರೆ ಜಿಗಣೆ, ಒಳಗೆ ಸುಮ್ಮನೆ ಕೂತರೆ ಮಗ್ಗಿ ಕೇಳುವ ಅಜ್ಜಿ. ಆಗ ಮಕ್ಕಳು ತಾವಾಗಿಯೇ ಕಪಾಟಿನ ಬಾಗಿಲು ತೆಗೆಯುತ್ತಾರೆ. ಬೂಷ್ಟು ಹಿಡಿದ ಪುಸ್ತಕವನ್ನು ಒಲೆಯ ಹತ್ತಿರ ಹಿಡಿದು, ನಾಲ್ಕು ಸಲ ಸೀನಿ, ಓದಲು ಕೂರುತ್ತಾರೆ. ಯಾವುದನ್ನು ನಿಜಕ್ಕೂ ಓದಿದ್ದಾರೆಂದು ಪರೀಕ್ಷೆ ಮಾಡಬೇಕಿಲ್ಲ. ಆಗಸ್ಟ್ 3ರಂದು ಮದ್ದುಸೊಪ್ಪಿನಿಂದ ಮಾಡುವ ಪಾಯಸದ ನೇರಳೆ ಬೆರಳಚ್ಚು ಯಾವ ಪುಟದವರೆಗೆ ಇದೆ ಎಂದು ನೋಡಿದರೆ ಸಾಕು.

ಪಂಜೆ ಮಂಗೇಶರಾಯರಿಗೆ ಈ ಗುಟ್ಟು ಗೊತ್ತಿತ್ತೆಂದು ನನ್ನ ಗುಮಾನಿ. 1920ರ ದಶಕದಲ್ಲಿ ಮಡಿಕೇರಿಯಲ್ಲಿ ಹೆಡ್‌ಮಾಸ್ಟರಾಗಿದ್ದವರು, ‘ಹುತ್ತರಿ ಹಾಡು’ ಬರೆದವರು. ಮಕ್ಕಳಿಗೆ ಅವರು ಕೊಟ್ಟ ಕತೆಗಳಲ್ಲಿ ‘ಸಿಗಡಿ ಯಾಕೆ ಒಣಗಲಿಲ್ಲ?’ ಎಂಬುದೊಂದಿದೆ. ಐದನೇ ಕ್ಲಾಸಿನ ತಂಗಿ ಮಗಳ ಕೈಗೆ ಅದನ್ನು ಕೊಟ್ಟೆ. ಹೆಸರು ಓದಿದಳು, ಒಲೆಯ ಮೇಲೆ ಮೂರು ದಿನದಿಂದ ನೇತಾಡುತ್ತಿದ್ದ ತನ್ನ ಸಾಕ್ಸ್ ನೋಡಿದಳು. “ಮಡಿಕೇರಿಯಲ್ಲಿ ಒಣಗೋಕೆ ಹಾಕಿರ್ಬೇಕು” ಅಂದಳು.

ಮಕ್ಕಳ ಆಯ್ಕೆಗೆ ಅದರದೇ ಕಾನೂನಿದೆ. ನಮ್ಮ ಪಂಚಾಯತಿ ಗ್ರಂಥಾಲಯದಲ್ಲಿ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ. ನಿರಂಜನರ ಸಂಪಾದಕತ್ವದ ಏಳು ಸಂಪುಟದ ‘ಜ್ಞಾನ ಗಂಗೋತ್ರಿ’ಯನ್ನು ನಾನು ಭಕ್ತಿಯಿಂದ ತೋರಿಸಿದರೆ, ಇಬ್ಬರೂ ಒಂದೊಂದು ಸಂಪುಟ ಎತ್ತಿ ತೂಕ ನೋಡಿ, ಸದ್ದಿಲ್ಲದೆ ವಾಪಸ್ ಇಟ್ಟರು. ಅವರ ಕಾನೂನು ಇಷ್ಟೇ: ಚಿತ್ರದಲ್ಲಿ ಹಾವಿರಬೇಕು, ಪುಸ್ತಕ ರೈನ್‌ಕೋಟಿನ ಒಳಗೆ ಹಿಡಿಯಬೇಕು, ದೊಡ್ಡವರು ‘ಒಳ್ಳೆಯ ಪುಸ್ತಕ’ ಅಂದಿರಬಾರದು. ಈ ಮೂರನೆಯದೇ ಕಷ್ಟ. ಹಾಗಾಗಿ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯನ್ನು ಮಗನಿಗೆ “ಇದು ನಿಂಗೆ ಅರ್ಥ ಆಗಲ್ಲ, ಮುಟ್ಬೇಡ” ಎಂದು ಹೇಳಿ ಮೇಜಿನ ಮೇಲೆ ಬಿಟ್ಟೆ.

ಎರಡು ಮಳೆ ರಜೆಯಲ್ಲಿ ಮುಗಿಸಿದ. ಮೊದಲ ಪ್ರಶ್ನೆ: “ಈ ಮಂದಣ್ಣ ಯಾವ ಮನೆಯವ್ರು? ಅವ್ರ ಟೀಮ್ ಇದ್ಯಾ?” ಅವನು ಮೂಡಿಗೆರೆ ಕಡೆಯವನಪ್ಪಾ ಅಂದೆ. ತೇಜಸ್ವಿಯವರ ಬಗ್ಗೆ ಮಗನಿಗೆ ಇದ್ದ ಗೌರವ ಸ್ವಲ್ಪ ಇಳಿಯಿತು. ಹಾರುವ ಓತಿಯ ವಿಷಯದಲ್ಲಂತೂ ಅವನದು ನೇರ ಆಕ್ಷೇಪಣೆ. ಒಂದು ಓತಿಗೋಸ್ಕರ ಅಷ್ಟು ಜನ ಸಾಮಾನು ಹೊತ್ತುಕೊಂಡು ಕಾಡಿಗೆ ಯಾಕೆ ಹೋಗಬೇಕಿತ್ತು, ನಮ್ಮ ಮನೆಗೆ ಬಂದಿದ್ದರೆ ಹಿಂದಿನ ಅಡಿಕೆ ಮರದಲ್ಲೇ ತೋರಿಸುತ್ತಿದ್ದೆನಲ್ಲ, ಅಜ್ಜಿ ಕಾಫಿನೂ ಕೊಡ್ತಿದ್ರು.