ಒಂಬತ್ತೂಕಾಲು ಇಂಚಿನ ಗೇಣು

ಸೋಲುವುದನ್ನೇ ಕಸುಬು ಮಾಡಿಕೊಂಡ ತಂಡದ ಅಭಿಮಾನಿಗೆ ಪಂದ್ಯಗಳ ಕಾಲ ಬರೀ ಕಾಟ. ಅವನ ಹಬ್ಬ ಶುರುವಾಗುವುದು ಪಂದ್ಯಗಳೆಲ್ಲ ಮುಗಿದ ಮೇಲೆ, ಡ್ರಾಫ್ಟ್‌ಗೆ ಮುಂಚೆ. ಆಗ ಯಾರೂ ಸೋಲುವುದಿಲ್ಲ, ಯಾರೂ ಚೆಂಡು ಕೈಬಿಡುವುದಿಲ್ಲ. ಒಂದು ಹಾಳೆ, ಒಂದು ಪೆನ್ನು ಇದ್ದರೆ ಸಾಕು, ನಾನೇ ಜನರಲ್ ಮ್ಯಾನೇಜರ್.

2018ರಲ್ಲಿ ನಮ್ಮ ಅಮೆರಿಕನ್ ಫುಟ್‌ಬಾಲ್ ತಂಡ ಕ್ಲೀವ್‌ಲ್ಯಾಂಡ್ ಬ್ರೌನ್ಸ್‌ಗೆ ಏನೇನು ಬೇಕೆಂದು ಪಟ್ಟಿ ಮಾಡಲು ಕೂತೆ. ಅದಕ್ಕೆ ಎರಡು ಹಂಗಾಮು ಹಿಂದೆ 1-15, ಅಂದರೆ ಒಂದು ಗೆಲುವು, ಹದಿನೈದು ಸೋಲು. ಮತ್ತೆ ಹಾಗಾದರೆ ಊರ ಪಕ್ಕದ ಈರೀ ಸರೋವರಕ್ಕೆ ಇಳಿಯುತ್ತೇನೆಂದು ಕೋಚ್ ಹ್ಯೂ ಜಾಕ್ಸನ್ ಮಾತು ಕೊಟ್ಟಿದ್ದರು. ಹಾಗಾಗಲಿಲ್ಲ, 0-16 ಆಯಿತು. (ಜೂನ್‌ನಲ್ಲಿ ಪಾಪ, ನೀರಿಗೂ ಇಳಿದರು.) ಜನವರಿಯ ಮೈ ಕೊರೆಯುವ ಚಳಿಯಲ್ಲಿ ಅಭಿಮಾನಿಗಳು ಸ್ಟೇಡಿಯಂ ಸುತ್ತ ಮೆರವಣಿಗೆ ತೆಗೆದು ಈ 'ಪರಿಪೂರ್ಣ' ಸಾಧನೆಯನ್ನು ಕೊಂಡಾಡಿದರು. ಮಂಕಿ ಟೋಪಿಯ ಮೇಲೊಂದು ಕಿತ್ತಳೆ ಟೋಪಿ ಏರಿಸಿ ನಾನೂ ಹೋಗಿದ್ದೆ. ಆರ್‌ಸಿಬಿ 49ಕ್ಕೆ ಆಲೌಟ್ ಆದದ್ದನ್ನು ನೋಡಿ ಇನ್ನೂ ವರ್ಷ ತುಂಬಿರದಿದ್ದ ನನಗೆ ಇದೇನು ಮಹಾ!

ಇಲ್ಲಿ ಐಪಿಎಲ್ ಥರ ಹರಾಜಿಲ್ಲ. ಯಾರು ಎಲ್ಲರಿಗಿಂತ ಕೆಳಗೆ ಬಿದ್ದಿರುತ್ತಾರೋ ಕಾಲೇಜು ಹುಡುಗರಲ್ಲಿ ಮೊದಲ ಆಯ್ಕೆ ಅವರದು. ಹಾಗಾಗಿ ಒಂದನೆಯದು ನಮ್ಮ ಸ್ವಂತ ಸಂಪಾದನೆ. ಹ್ಯೂಸ್ಟನ್‌ನಿಂದ ಬಂದ ನಾಲ್ಕನೆಯದೂ ನಮ್ಮದೇ. ಪಟ್ಟಿಯ ವಿಷಯಕ್ಕೆ ಬಂದರೆ, ಆಗಲೇ ನಮ್ಮಲ್ಲಿದ್ದ ಮೈಲ್ಸ್ ಗ್ಯಾರೆಟ್ ಒಬ್ಬನನ್ನು ಬಿಟ್ಟು ಉಳಿದದ್ದೆಲ್ಲ ಬೇಕು. ಎಲ್ಲಕ್ಕಿಂತ ಮೊದಲು ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಬೇಕು. 2007ರಲ್ಲಿ ಬ್ರೇಡಿ ಕ್ವಿನ್, 2012ರಲ್ಲಿ ಬ್ರ್ಯಾಂಡನ್ ವೀಡನ್, 2014ರಲ್ಲಿ ಜಾನಿ ಮ್ಯಾನ್ಜೆಲ್: ಮೂವರನ್ನೂ ನಾವು ಆರಿಸಿದ್ದು ಸರಿಯಾಗಿ 22ನೇ ಸರದಿಯಲ್ಲಿ, ಮೂವರೂ ಕೈಕೊಟ್ಟರು. ಊರಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಯಾರಾದರೂ ಶಾಂತಿ ಮಾಡಿಸುತ್ತಿದ್ದರು.

ಈಗ ಗೇಣಿನ ವಿಷಯ. ಡ್ರಾಫ್ಟ್‌ಗೆ ಮುಂಚೆ ಇಂಡಿಯಾನಪೊಲಿಸ್‌ನಲ್ಲಿ ನಡೆಯುವ ಕಂಬೈನ್ ಎಂಬ ಪರೀಕ್ಷೆಯಲ್ಲಿ ಹುಡುಗರ ಎತ್ತರ, ತೂಕ, ಓಟ ನೋಡಿದ್ದು ಸಾಲದೆಂದು ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಗೆ ಕೈ ಅಗಲಿಸಿ ಅಳೆಯುತ್ತಾರೆ, ಅದೂ ಎಂಟನೇ ಒಂದು ಇಂಚೂ ಬಿಡದೆ. ಈರೀ ಸರೋವರದ ಗಾಳಿಗೆ ತಣ್ಣಗಾದ ಒದ್ದೆ ಚೆಂಡು ಜಾರಬಾರದಲ್ಲ! ಆ ವರ್ಷದ ಕ್ವಾರ್ಟರ್‌ಬ್ಯಾಕ್ ಹುಡುಗರಲ್ಲಿ ಜಾಶ್ ಅಲೆನ್ ಕೈ ಹತ್ತು ಇಂಚು ದಾಟಿತ್ತು. ಬೇಕರ್ ಮೇಫೀಲ್ಡ್‌ನದು ಒಂಬತ್ತೂಕಾಲು. ಅಂದರೆ ಎಷ್ಟು? ಕಣ್ಣಿಗೆ ಕಟ್ಟಲಿಲ್ಲ. ಹೆಂಡತಿಯ ಬ್ಲೌಸ್ ಅಳತೆಯ ಟೇಪನ್ನು ಜುಬ್ಬಾ ಜೇಬಿಗೆ ಸೇರಿಸಿಕೊಂಡು ಯುಗಾದಿ ಊಟಕ್ಕೆ ಹೊರಟೆ.

ಮೊದಲು ಸಿಕ್ಕಿದ್ದು ಮಗಳ ಮನೆಗೆ ಬಂದಿದ್ದ ಹಾಸನದ ಹಿರಿಯರೊಬ್ಬರು. "ಸ್ವಲ್ಪ ಕೈ ಚಾಚಿ" ಎಂದೆ. ಎಂಟೂವರೆ. "ಏನು ಹೇಳುತ್ತೆ?" ಎಂದರು. "ಕಷ್ಟ" ಎಂದೆ, ಮೂರನೇ ಸುತ್ತಿನವರೆಗೂ ಯಾರೂ ಆರಿಸರು ಎಂಬರ್ಥದಲ್ಲಿ. ಅವರ ಮುಖ ಬಾಡಿತು. ಪಕ್ಕದಲ್ಲಿದ್ದ ಅತ್ತೆಮ್ಮ ತಾವಾಗಿಯೇ ಅಂಗೈ ಮುಂದೊಡ್ಡಿ, ಮಗನಿಗೆ ಗ್ರೀನ್ ಕಾರ್ಡ್ ಯಾವಾಗ ಎಂದು ಕೇಳಿದರು. ತಿರುಗಿ ನೋಡುತ್ತೇನೆ, ಹಿಂದೆ ಸಾಲು! ತಿದ್ದಬಹುದಿತ್ತು, ತಿದ್ದಲಿಲ್ಲ. ಒಂಬತ್ತು ಮೀರಿದವರಿಗೆ "ಯೋಗ ಇದೆ" ಎಂದೆ, ಮೀರದವರಿಗೆ "ಪ್ರಯತ್ನ ಬಿಡಬೇಡಿ" ಎಂದೆ. ನನ್ನದೆಷ್ಟೆಂದು ಯಾರೂ ಕೇಳಲಿಲ್ಲ, ಎಂಟು ಇಂಚೂ ಇಲ್ಲ.

ಆಗ ಕಣ್ಣಿಗೆ ಬಿದ್ದರು ಹೋಳಿಗೆ ಬಡಿಸುತ್ತಿದ್ದವರು. ಎಲೆಯ ಮೇಲೆ ಅವರ ಅಂಗೈ ಅಗಲವಾದಾಗ ಎಲೆಯ ತುದಿ ಮರೆಯಾಯಿತು. ಅಳೆದೆ: ಹತ್ತು. ಬೆರಳ ಗೆಣ್ಣಿನವರೆಗೆ ತುಪ್ಪ. ಒದ್ದೆ ಚೆಂಡಿನ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಮುಹೂರ್ತ ಉಂಟೆ? ಕಳಶದ ಪಕ್ಕದಲ್ಲಿದ್ದ ತೆಂಗಿನಕಾಯಿ ತಂದು, ಅಂಗೈ ಕೆಳಮುಖ ಮಾಡಿ ಮೇಲಿನಿಂದ ಹಿಡಿಯಿರಿ ಎಂದೆ. ಹಿಡಿದರು. ಅಲ್ಲಾಡಿಸಿ ಎಂದೆ. ಅಲ್ಲಾಡಿಸಿದರು. ಕಾಯಿ ಜಾರಲಿಲ್ಲ. ಅವರಿಗೆ ಐವತ್ತೆಂಟು ವರ್ಷ, ಮಂಡಿನೋವು ಬೇರೆ. ಆದರೆ ವೀಡನ್‌ನನ್ನು 28ನೇ ವಯಸ್ಸಿನಲ್ಲಿ ಆರಿಸಿದ ನಮಗೆ ವಯಸ್ಸಿನ ಮಾತೆತ್ತುವ ನೈತಿಕ ಹಕ್ಕೆಲ್ಲಿದೆ?

ಪಾಯಸದ ಹೊತ್ತಿಗೆ ಬಾಸ್ಟನ್‌ನಿಂದ ಬಂದಿದ್ದ ಒಬ್ಬರು ಬುದ್ಧಿ ಹೇಳಿದರು: "ಗೆಲ್ಲೋ ಟೀಮ್ ಹಿಡ್ಕೊಳ್ಳಿ ಸಾರ್." ಮೈಯೆಲ್ಲ ಉರಿಯಿತು. ಹಿಡ್ಕೊಳ್ಳಲು ಅದೇನು ಬಸ್ಸೆ? ಆ ಯುಗಾದಿಗೆ ನಾಲ್ಕು ದಿನ ಮುಂಚೆಯಷ್ಟೇ, ಮಾರ್ಚ್ 14ರಂದು, ನಮ್ಮ ಜೋ ಥಾಮಸ್ ನಿವೃತ್ತಿ ಘೋಷಿಸಿದ್ದ. 2007ರ ಡ್ರಾಫ್ಟ್ ದಿನ ವೇದಿಕೆಗೆ ಬರದೆ ಅಪ್ಪನ ಜೊತೆ ಮಿಶಿಗನ್ ಸರೋವರದಲ್ಲಿ ಮೀನು ಹಿಡಿಯುತ್ತಿದ್ದ ಮನುಷ್ಯ. ಆಮೇಲೆ ಹನ್ನೊಂದು ಹಂಗಾಮು, ಕ್ವಾರ್ಟರ್‌ಬ್ಯಾಕ್‌ನ ಬೆನ್ನು ಕಾಯುವ ಲೆಫ್ಟ್ ಟ್ಯಾಕಲ್ ಕೆಲಸ. ಬಂದ ಕ್ವಾರ್ಟರ್‌ಬ್ಯಾಕ್‌ಗಳೆಲ್ಲ ಹೋದರು, ಕೋಚ್‌ಗಳು ಹೋದರು. ಅವನು ಒಂದರ ಹಿಂದೊಂದು 10,363 ಸ್ನ್ಯಾಪ್‌ಗಳಲ್ಲಿ, ಅಂದರೆ ಚೆಂಡು ಆಟಕ್ಕೆ ಬಂದ ಸರದಿಗಳಲ್ಲಿ, ಒಂದನ್ನೂ ತಪ್ಪಿಸದೆ ನಿಂತ, ತೋಳಿನ ಸ್ನಾಯು ಹರಿಯುವವರೆಗೆ. ಪ್ಲೇಆಫ್‌ನಲ್ಲಿ ಒಂದೇ ಒಂದು ಪಂದ್ಯ ಆಡುವ ಭಾಗ್ಯ ಬರಲಿಲ್ಲ. ಅಷ್ಟು ವರ್ಷ ನನ್ನ ಪಟ್ಟಿಗಳಲ್ಲಿ ಲೆಫ್ಟ್ ಟ್ಯಾಕಲ್ ಎಂಬ ಸಾಲೇ ಇರಲಿಲ್ಲ. ಬಾಸ್ಟನ್‌ನವರಿಗೆ ಇದನ್ನೆಲ್ಲ ಹೇಳಹೊರಟೆ; ಅವರು ಕೈ ತೊಳೆಯಲು ಎದ್ದುಹೋದರು.

ಏಪ್ರಿಲ್ 26ರ ಡ್ರಾಫ್ಟ್ ರಾತ್ರಿ ಮೊದಲ ಹೆಸರು ಬೇಕರ್ ಮೇಫೀಲ್ಡ್. ನಾಲ್ಕನೆಯದಕ್ಕೆ ಒಹಾಯೊದವನೇ ಆದ ಕಾರ್ನರ್‌ಬ್ಯಾಕ್ ಡೆನ್ಜೆಲ್ ವಾರ್ಡ್. ಅಷ್ಟರಲ್ಲಿ ಹೋಳಿಗೆಯವರ ಫೋನು.

"ಏನ್ರೀ, ಆ ಹುಡುಗ ನನಗಿಂತ ಮುಕ್ಕಾಲು ಇಂಚು ಕಮ್ಮಿಯಂತೆ?"

"ನಾಳೆ ಎರಡನೇ ಸುತ್ತಿದೆ ಸಾರ್, ಇನ್ನೂ ಮೂರು ಆಯ್ಕೆ ನಮ್ಮ ಹತ್ತಿರವೇ ಇವೆ" ಎಂದೆ. "ಫೋನು ಚಾರ್ಜ್‌ಗೆ ಹಾಕಿಟ್ಟುಕೊಳ್ಳಿ."