ನ್ಯಾನ್ಸಿ ಡ್ರೂ ಎಂಬ ಮುಧೋಳದ ಹುಡುಗಿ: ಒಂದು ಮೂಲಪಾಠ ಮೀಮಾಂಸೆ

ಕಾದಂಬರಿಯೊಂದು ಧಾರಾವಾಹಿಯಾದಾಗಲೆಲ್ಲ ಮೂಲಕ್ಕೆ ಅಪಚಾರವಾಯಿತೆಂಬ ಗೋಳು ಏಳುವುದು ಸಾಹಿತ್ಯಲೋಕದ ವಾಡಿಕೆ. 2019ರ ಅಕ್ಟೋಬರ್‌ನಲ್ಲಿ ಅಮೆರಿಕದ ಸಿಡಬ್ಲ್ಯು ವಾಹಿನಿ ‘ನ್ಯಾನ್ಸಿ ಡ್ರೂ’ ಧಾರಾವಾಹಿ ಶುರುಮಾಡಿದಾಗಲೂ ಇದೇ ಗೋಳು ಎದ್ದಿತು. ನೀಲಿ ಬಣ್ಣದ ಕಾರಿನಲ್ಲಿ ಓಡಾಡುತ್ತ, ತಲೆಗೂದಲು ಕೆದರದಂತೆ ಕಳ್ಳರನ್ನು ಹಿಡಿಯುತ್ತಿದ್ದ ಕಾದಂಬರಿಯ ಸುಶೀಲ ಕನ್ಯೆ ಇಲ್ಲಿ ಕಡಲೂರಿನ ಖಾನಾವಳಿಯಲ್ಲಿ ತಟ್ಟೆ ಎತ್ತುತ್ತಾಳೆ, ಕಾಲೇಜು ತಪ್ಪಿಸಿಕೊಂಡಿದ್ದಾಳೆ, ದೆವ್ವದೊಂದಿಗೆ ಮಾತಾಡುತ್ತಾಳೆ. ಇದು ದ್ರೋಹವಲ್ಲವೇ ಎಂದು ಕೇಳುವವರಿಗೆ ಪ್ರಕೃತ ಪ್ರಬಂಧದ ಪ್ರತಿಜ್ಞೆ ಇಷ್ಟು: ಧಾರಾವಾಹಿಯು ಕಾದಂಬರಿಯನ್ನು ಎಲ್ಲೆಲ್ಲಿ ಬಿಟ್ಟಿದೆಯೋ ಅಲ್ಲೆಲ್ಲ ಅದು ಮುಧೋಳದ ದಾರಿ ಹಿಡಿದಿದೆ. ಆದ್ದರಿಂದ ಧಾರಾವಾಹಿಯೇ ಮೂಲನಿಷ್ಠ, ಕಾದಂಬರಿಗಳೇ ಭ್ರಷ್ಟಪಾಠ. ಈ ಪ್ರಮೇಯಕ್ಕೆ ಅನುಕೂಲವಾದ ಪುರಾವೆಗಳನ್ನು ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿಗಳಿಂದ ಸಂಗ್ರಹಿಸಲಾಗಿದೆ. ಪ್ರತಿಕೂಲವಾದವುಗಳನ್ನು ನಮ್ಮ ಸಂಶೋಧನಾ ಸಂಪ್ರದಾಯಕ್ಕೆ ಅನುಗುಣವಾಗಿ ಪ್ರಕ್ಷಿಪ್ತವೆಂದು ಬದಿಗಿರಿಸಲಾಗಿದೆ.

ಮೊದಲು ಮೂಲವೆಂದರೆ ಯಾವುದು ಎಂಬುದನ್ನು ಇತ್ಯರ್ಥಪಡಿಸಬೇಕು. 1930ರ ಏಪ್ರಿಲ್‌ನಲ್ಲಿ ಮೂರು ಪುಸ್ತಕಗಳು ಒಟ್ಟಿಗೇ ಹೊರಬಂದವು. ಮೂರರ ಮೇಲೂ ಕ್ಯಾರೊಲಿನ್ ಕೀನ್ ಎಂಬ ಹೆಸರಿತ್ತು, ಆ ಹೆಸರಿನ ಮನುಷ್ಯರು ಮಾತ್ರ ಇರಲಿಲ್ಲ. ಎಡ್ವರ್ಡ್ ಸ್ಟ್ರಾಟೆಮೆಯರ್ ಎಂಬ ಸಾವಕಾರ ಕಥೆಯ ನಕ್ಷೆ ಬರೆದುಕೊಡುತ್ತಿದ್ದ. ಅಯೋವಾದ ಮಿಲ್ಡ್ರೆಡ್ ವರ್ಟ್ ಎಂಬ ಹೆಣ್ಣುಮಗಳು ಪುಸ್ತಕಕ್ಕೆ 125 ಡಾಲರಿನಂತೆ ಮಜೂರಿ ಪಡೆದು ಅದನ್ನು ಕಾದಂಬರಿಯಾಗಿ ನೇಯ್ದುಕೊಡುತ್ತಿದ್ದಳು. ಹಕ್ಕನ್ನೂ ಹೆಸರನ್ನೂ ಬಿಟ್ಟುಕೊಟ್ಟಿದ್ದೇನೆಂದು ಸಹಿ ಹಾಕುತ್ತಿದ್ದಳು. ಈ ಏರ್ಪಾಡನ್ನು ಅರ್ಥಮಾಡಿಕೊಳ್ಳಲು ಪಾಶ್ಚಾತ್ಯ ವಿದ್ವಾಂಸರು ಗ್ರಂಥಗಳನ್ನೇ ಬರೆಯಬೇಕಾಯಿತು. ರಬಕವಿ-ಬನಹಟ್ಟಿಯ ಓಣಿಯಲ್ಲಿ ಒಂದು ಸುತ್ತು ಹಾಕಿದ್ದರೆ ಮಧ್ಯಾಹ್ನದೊಳಗೆ ತಿಳಿಯುತ್ತಿತ್ತು. ಅಲ್ಲಿ ನೂಲು ಮಾಲೀಕನದು, ಡಿಸೈನು ಮಾಲೀಕನದು, ಸೀರೆಗೆ ಅಂಟಿಸುವ ಚೀಟಿಯೂ ಅವನದೇ. ಮಗ್ಗದ ಮುಂದೆ ಕೂತವನದು ಕೈ ಮತ್ತು ಕಣ್ಣು. ಮಜೂರಿ ಇಳಿದರೆ ಮಗ್ಗ ನಿಲ್ಲುತ್ತದೆ. ಮಹಾಕುಸಿತದ ಕಾಲದಲ್ಲಿ ಮಿಲ್ಡ್ರೆಡ್‌ಳ ಮಜೂರಿಗೂ ಕತ್ತರಿ ಬಿತ್ತು, ಆಕೆಯೂ ಒಲ್ಲೆನೆಂದಳು. ಎಂಟರಿಂದ ಹತ್ತನೆಯವರೆಗಿನ ಮೂರು ಪುಸ್ತಕಗಳನ್ನು ವಾಲ್ಟರ್ ಕಾರಿಗ್ ಎಂಬಾತ ನೇಯ್ದ. ಓದುಗರಿಗೆ ಗೊತ್ತಾಗಲಿಲ್ಲ, ಏಕೆಂದರೆ ಚೀಟಿ ಅದೇ ಇತ್ತು. ಅಷ್ಟೇ ಅಲ್ಲ, 1959ರಿಂದ ಸಾವಕಾರನ ಮಗಳು ಹ್ಯಾರಿಯೆಟ್ ಆಡಮ್ಸ್ ಹಳೆಯ ಪುಸ್ತಕಗಳನ್ನೇ ಬಿಚ್ಚಿ ಮತ್ತೆ ನೇಯಿಸಿದಳು. ಇಪ್ಪತ್ತೈದು ಅಧ್ಯಾಯ ಇಪ್ಪತ್ತಾದವು. ಕರಿಯರ ಬಗೆಗಿನ ಹೀನ ಚಿತ್ರಣಗಳನ್ನು ತೆಗೆಯಲಾಯಿತು, ಅದು ಒಳ್ಳೆಯದೇ ಆಯಿತು. ಹದಿನಾರರ ನ್ಯಾನ್ಸಿ ಹದಿನೆಂಟಕ್ಕೆ ಏರಿದಳು; ಮೊದಲ ಪಾಠದಲ್ಲಿ ಆಕೆಗೆ ಹತ್ತು ವರ್ಷವಾಗಿದ್ದಾಗ ತೀರಿಕೊಂಡಿದ್ದ ತಾಯಿ ಎರಡನೆಯ ಪಾಠದಲ್ಲಿ ಮೂರು ವರ್ಷವಾಗಿದ್ದಾಗಲೇ ತೀರಿಕೊಂಡಳು. ತಾಯಿಯ ಸಾವಿನ ತಾರೀಖನ್ನೇ ಏಳು ವರ್ಷ ಹಿಂದಕ್ಕೆ ದೂಡಬಲ್ಲ ಮೂಲಕ್ಕೆ ನಿಷ್ಠವಾಗಿರಿ ಎಂದರೆ ಧಾರಾವಾಹಿಯವರು ಯಾವ ಕಾಲಿಗೆ ಬೀಳಬೇಕು? ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಎರಡನ್ನೂ ಎಳೆಎಳೆಯಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಧಾರಾವಾಹಿಯೂ ಹೊಸ ಒಡಲಿಗೆ ನ್ಯಾನ್ಸಿ, ಬೆಸ್, ಜಾರ್ಜ್, ನೆಡ್ ಎಂಬ ಹಳೆಯ ಸೆರಗನ್ನು ಕೊಂಡಿ ಹಾಕಿದೆ. ಇದನ್ನು ನಾವು ‘ಕೊಂಡಿ ನ್ಯಾಯ’ ಎಂದು ಕರೆಯುತ್ತೇವೆ. ಈ ಪಾರಿಭಾಷಿಕವನ್ನು ಬಳಸುವವರು ಪ್ರಸ್ತುತ ಲೇಖಕರನ್ನು ಉಲ್ಲೇಖಿಸತಕ್ಕದ್ದು.

ಮೂಲದ ಹಂಗು ಹೀಗೆ ಹರಿದ ಮೇಲೆ ಮುಧೋಳಕ್ಕೆ ಬರೋಣ. ಹತ್ತನೆಯ ಶತಮಾನದಲ್ಲಿ ಘಟಪ್ರಭೆಯ ದಂಡೆಯ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ ಗದಾಯುದ್ಧ ಬರೆಯುವಾಗ ಏನು ಮಾಡಿದ ಎಂಬುದನ್ನು ಪಠ್ಯಪುಸ್ತಕಗಳು ಬಹಳ ಸೌಮ್ಯವಾಗಿ ಹೇಳುತ್ತವೆ. ಪಂಪಭಾರತದ ಹದಿಮೂರನೆಯ ಆಶ್ವಾಸದಲ್ಲಿ ಮುಗಿದುಹೋಗುವ ಪ್ರಸಂಗವೊಂದನ್ನು ಎತ್ತಿಕೊಂಡು ಆತ ಹತ್ತು ಆಶ್ವಾಸಗಳ ಪ್ರತ್ಯೇಕ ಕೃತಿ ಮಾಡಿದ. ಪಂಪನ ನಾಯಕ ಅರ್ಜುನನನ್ನು ಬದಿಗೆ ಸರಿಸಿ ಭೀಮನಿಗೆ ಮುಖ್ಯಪಾತ್ರ ಕೊಟ್ಟ. ಅರಿಕೇಸರಿ ಹೋಗಿ ಸತ್ಯಾಶ್ರಯ ಬಂದಿದ್ದ, ಅಂದರೆ ಪ್ರಾಯೋಜಕರು ಬದಲಾಗಿದ್ದರು. ಜನಪ್ರಿಯ ಕೃತಿಯ ಒಂದು ಎಳೆ ಹಿರಿದು ಹೊಸ ನಾಯಕನೊಂದಿಗೆ ಹೊಸ ಸರಣಿ ಹೂಡುವ ಈ ಕಸುಬನ್ನು ಹಾಲಿವುಡ್ ತನ್ನದೆಂದು ಹೇಳಿಕೊಳ್ಳುತ್ತದೆ. ಅದಕ್ಕಿಂತ ಮುಖ್ಯವಾದದ್ದು ಸಿಂಹಾವಲೋಕನ. ಭಾರತದ ಕೊನೆಯ ದಿನದ ಕಥೆ ಹೇಳುತ್ತ, ಹಿಂದೆ ನಡೆದುದೆಲ್ಲವನ್ನೂ ಪಾತ್ರಗಳ ಬಾಯಲ್ಲಿ ನೆನಪಾಗಿ, ಹಂಗಣೆಯಾಗಿ, ಗೋಳಾಗಿ ತರುವುದು ರನ್ನನ ಕ್ರಮ. ದ್ರೌಪದಿಯ ಬಿಚ್ಚಿದ ಮುಡಿಯಿಂದ ಅಭಿಮನ್ಯುವಿನ ಹೆಣದವರೆಗೆ ಎಲ್ಲವೂ ಹೀಗೆಯೇ ಬರುತ್ತವೆ. ಧಾರಾವಾಹಿಯ ಕಂತಿನ ಮುಂಚೆ ಸರಸರನೆ ಹಾದುಹೋಗುವ ಹಿಂದಿನ ಕಥೆಯ ತುಣುಕುಗಳಿಗೆ ಬೇರೆ ಯಾವ ವಂಶಾವಳಿ ಬೇಕು? ನ್ಯಾನ್ಸಿ ಡ್ರೂ ಕಾದಂಬರಿಗಳಿಗೆ ಈ ವಿದ್ಯೆ ಒಲಿದಿಲ್ಲ. ಅಲ್ಲಿ ಪ್ರತಿ ಪುಸ್ತಕವೂ ಹಳೆಯದನ್ನು ಮರೆತು ಹೊಸದಾಗಿ ಹುಟ್ಟುತ್ತದೆ. ಹಿಂದಿನ ಸಾಹಸಗಳ ಒಂದೆರಡು ಸಾಲಿನ ಜಾಹೀರಾತು ಬಿಟ್ಟರೆ ನಾಯಕಿಗೆ ನೆನಪಿನ ಕಾಟವಿಲ್ಲ. ಧಾರಾವಾಹಿಯ ನ್ಯಾನ್ಸಿಗೆ ತಾಯಿಯ ಸಾವು ಬೆನ್ನು ಬಿಡುವುದಿಲ್ಲ. ಊರಿನಲ್ಲಿ 2000ದಲ್ಲಿ ಸತ್ತ ಲೂಸಿ ಸೇಬಲ್ ಎಂಬ ಹುಡುಗಿಯ ಕಥೆ ಬಿಚ್ಚುತ್ತ ಹೋದರೆ ಕೊನೆಗೆ ಅದು ತನ್ನದೇ ಹುಟ್ಟಿನ ಗುಟ್ಟಾಗಿ ನಿಲ್ಲುತ್ತದೆ. ಹಿಂತಿರುಗಿ ನೋಡದೆ ಮುಂದಿನ ಹೆಜ್ಜೆ ಇಡಲಾಗದ ಈ ರೋಗ ಶುದ್ಧಾಂಗವಾಗಿ ಮುಧೋಳದ್ದು.

ದೆವ್ವದ ಪ್ರಶ್ನೆಯಲ್ಲಿ ಸಾಕ್ಷ್ಯ ಇನ್ನೂ ಬಿಗಿಯಾಗಿದೆ. ಕಾದಂಬರಿಗಳಲ್ಲಿ ದೆವ್ವವಿಲ್ಲ. 1930ರ ‘ದಿ ಹಿಡನ್ ಸ್ಟೇರ್‌ಕೇಸ್’ನಲ್ಲಿ ಟರ್ನ್‌ಬುಲ್ ಸೋದರಿಯರ ಹಳೆಯ ಬಂಗಲೆಯಲ್ಲಿ ರಾತ್ರಿ ಸದ್ದಾಗುತ್ತದೆ, ವಸ್ತುಗಳು ಮಾಯವಾಗುತ್ತವೆ, ಕೊನೆಗೆ ಸಿಗುವುದು ಪಕ್ಕದ ಮನೆಯ ನೇಥನ್ ಗೊಂಬೆಟ್ ಎಂಬ ಜಿಪುಣ ಮತ್ತು ಆತನ ಮನೆಯಿಂದ ಬರುವ ಗುಪ್ತದಾರಿ. ಇದು ನೇತಿ ನೇತಿ ಮಾರ್ಗ: ಇದಲ್ಲ, ಇದೂ ಅಲ್ಲ ಎನ್ನುತ್ತ ಹೋಗಿ ಉಳಿದವನಿಗೆ ಬೇಡಿ ಹಾಕುವುದು. 1886ರಲ್ಲಿ ಜಮಖಂಡಿಯಲ್ಲಿ ಹುಟ್ಟಿ ಉಪನಿಷತ್ತುಗಳ ಮೇಲೆ ಜಗತ್ತು ಓದಿದ ಗ್ರಂಥ ಬರೆದ ಗುರುದೇವ ರಾನಡೆಯವರ ಊರಿಗೆ ಈ ಮಾರ್ಗ ಹೊಸದಲ್ಲ. ಆದ್ದರಿಂದ ಕಾದಂಬರಿಗಳನ್ನು ಜಮಖಂಡಿ ಶಾಖೆಗೂ ಧಾರಾವಾಹಿಯನ್ನು ಮುಧೋಳ ಶಾಖೆಗೂ ಸೇರಿಸಿ ಮಾರ್ಗಭೇದ ಕಲ್ಪಿಸುವುದು ಶಾಸ್ತ್ರೀಯವಾದೀತು. ಎರಡೂ ಪಟ್ಟಣಗಳ ನಡುವಿನ ಹಳೆಯ ಸಂಸ್ಥಾನಿಕ ಬಿಗುಮಾನಕ್ಕೂ ಅದು ಒಪ್ಪುತ್ತದೆ. ಅಲ್ಲಿ ಪಟವರ್ಧನರು, ಇಲ್ಲಿ ಘೋರ್ಪಡೆಗಳು. ಧಾರಾವಾಹಿಯಲ್ಲಿ ದೆವ್ವ ದೆವ್ವವೇ. ಲೂಸಿ ಸತ್ತಿದ್ದಾಳೆ, ಓಡಾಡುತ್ತಾಳೆ; ಕಡಲಿನಿಂದ ಅಗ್ಲೈಕಾ ಎಂಬ ಪೀಡೆ ಬಂದು ಲೆಕ್ಕ ಚುಕ್ತಾ ಕೇಳುತ್ತದೆ. ವಿಮರ್ಶಕರು ಇದನ್ನು ಬುದ್ಧಿವಾದದ ಪತನವೆಂದು ಮರುಗುವ ಮೊದಲು ಸಂಜಯನ ಕೈ ಹಿಡಿದು ರಣರಂಗದಲ್ಲಿ ನಡೆಯುವ ದುರ್ಯೋಧನನನ್ನು ನೆನೆಯಲಿ. ಹೆಣಗಳನ್ನು ಎಡವುತ್ತ ಬರುವ ಚಕ್ರವರ್ತಿಯನ್ನು ಮರುಳುಗಳು ತಡೆದು ಮೂದಲಿಸುತ್ತವೆ. ರನ್ನ ಆ ಮರುಳುಗಳ ಮುಖವಾಡ ಕಳಚಿ ಒಳಗೆ ಯಾವ ನೆರೆಮನೆಯ ಜಿಪುಣನನ್ನೂ ತೋರಿಸುವುದಿಲ್ಲ. ಅವು ಮರುಳುಗಳೇ. ಇಷ್ಟು ಜನ ಸತ್ತಲ್ಲಿ ದೆವ್ವವಿಲ್ಲದಿದ್ದರೆ ಅದೇ ಅಸಹಜ ಎಂಬ ಧೋರಣೆ ಆತನದು, ಧಾರಾವಾಹಿಯದೂ ಅದೇ.

ಊರು ಬದಲಾಯಿಸಿದ್ದು ಅಕ್ಷಮ್ಯ ಎಂಬ ಆಕ್ಷೇಪಕ್ಕೆ ಬೀಳಗಿ ತಾಲ್ಲೂಕು ಉತ್ತರ ಕೊಡಬಲ್ಲದು. ಕಾದಂಬರಿಯ ರಿವರ್ ಹೈಟ್ಸ್ ಎಂಬ ನದಿಯೂರು ಧಾರಾವಾಹಿಯಲ್ಲಿ ಹಾರ್ಸ್‌ಶೂ ಬೇ ಎಂಬ ಕಡಲೂರಾಗಿದೆ. ಆಲಮಟ್ಟಿಯ ಹಿನ್ನೀರು 519.6 ಮೀಟರಿಗೆ ಬಂದು ನಿಂತಾಗ ಬೀಳಗಿ ಸೀಮೆಯ ಹಳ್ಳಿಗಳೂ ಎದ್ದು ಪುನರ್ವಸತಿ ಕೇಂದ್ರಗಳಾದವು. ಆ ಊರಿನವರನ್ನು ಯಾರೂ ಮೂಲಕ್ಕೆ ದ್ರೋಹ ಬಗೆದರೆಂದು ಜರೆಯುವುದಿಲ್ಲ, ಪರಿಹಾರ ಬಂತೇ ಎಂದು ಕೇಳುತ್ತಾರೆ. ನ್ಯಾನ್ಸಿಯನ್ನೂ ಅಷ್ಟೇ ಕೇಳಬೇಕು. ಎತ್ತರವನ್ನು 524.256 ಮೀಟರಿಗೆ ಏರಿಸಲು ನ್ಯಾಯಮಂಡಳಿ 2010ರಲ್ಲೇ ಒಪ್ಪಿರುವುದರಿಂದ ಈ ಅಧ್ಯಾಯದ ಪರಿಷ್ಕೃತ ಆವೃತ್ತಿ ಮುಂದೆ ಬೇಕಾದೀತು.

ಈಗ ಪೂರ್ವಪಕ್ಷದ ಹಿರಿಯ ಬಾಣ: ಇದು ಹದಿಹರೆಯದವರ ಪತ್ತೇದಾರಿ, ದುರ್ಯೋಧನ ಹದಿಹರೆಯದವನೇ? ವಯಸ್ಸನ್ನು ಜಾತಕದಿಂದ ಅಳೆಯುವವರಿಗೆ ಅಲ್ಲವೆನ್ನಿಸೀತು. ಆದರೆ ಇಂಥ ಧಾರಾವಾಹಿಗಳಲ್ಲಿ ಹದಿಹರೆಯದ ಪಾತ್ರ ಮಾಡುವವರೆಲ್ಲ ಇಪ್ಪತ್ತು ದಾಟಿದವರೇ, ಆದ್ದರಿಂದ ಲಕ್ಷಣವನ್ನು ನಡತೆಯಲ್ಲಿ ಹುಡುಕಬೇಕು. ಕುರುಡ ತಂದೆಯೂ ಕಣ್ಣು ಕಟ್ಟಿಕೊಂಡ ತಾಯಿಯೂ ಹುಡುಕಿಕೊಂಡು ಬಂದು ಸಂಧಿ ಮಾಡಿಕೋ ಎಂದು ಅಂಗಲಾಚಿದರೆ ಒಲ್ಲೆನೆನ್ನುತ್ತಾನೆ. ಒಡಹುಟ್ಟಿದವರಿಗಿಂತ ಗೆಳೆಯ ಹೆಚ್ಚು. ಕರ್ಣನ ಹೆಣದ ಮುಂದೆ ಅತ್ತಂತೆ ಬೇರೆಲ್ಲೂ ಅಳುವುದಿಲ್ಲ. ಅಜ್ಜ ಶರಶಯ್ಯೆಯಿಂದ ಬುದ್ಧಿ ಹೇಳಿದರೆ ಸಂಧಿಯ ಮಾತನ್ನು ತಳ್ಳಿಹಾಕಿ, ಒಂದು ದಿನ ಕೊಳದಲ್ಲಿ ಅಡಗಿರು ಎಂಬ ಉಪಾಯವನ್ನು ಮಾತ್ರ ಕೇಳಿಸಿಕೊಳ್ಳುತ್ತಾನೆ. ಅಡಗಿದ ಮೇಲಾದರೂ ಸುಮ್ಮನಿರುತ್ತಾನೆಯೇ? ದಡದಲ್ಲಿ ಭೀಮ ಗದರಿದ ಕೂಡಲೆ ನೀರೊಳಗೇ ಬೆವರಿ, ತಡೆಯಲಾರದೆ ಎದ್ದು ಬರುತ್ತಾನೆ. ಮನೆಯವರ ಕಾಟಕ್ಕೆ ಕೋಣೆಯ ಬಾಗಿಲು ಹಾಕಿಕೊಂಡು, ಯಾರೋ ಹೀಯಾಳಿಸಿದರೆಂದು ಧಡಾರನೆ ತೆರೆದು ಬರುವ ಪ್ರಾಣಿಯನ್ನು ಕಂಡ ತಂದೆತಾಯಿಗಳಿಗೆ ಈ ವಾದವನ್ನು ಇನ್ನಷ್ಟು ಬೆಳೆಸುವ ಅಗತ್ಯವಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು, ಅದನ್ನು ತಮಾಷೆಯಲ್ಲಿ ತೇಲಿಸಲಾಗದು. ರನ್ನನಲ್ಲಿ ರಹಸ್ಯವೇ ಇಲ್ಲ. ಯಾರು, ಎಲ್ಲಿ, ಯಾರ ತೊಡೆ, ಎಲ್ಲವೂ ಕೇಳುಗನಿಗೆ ಮೊದಲೇ ಗೊತ್ತು; ಗೊತ್ತಿರುವುದನ್ನು ಪತ್ತೆ ಹಚ್ಚುವುದು ಎಂಥ ಪತ್ತೇದಾರಿ? ಉತ್ತರಕ್ಕೆ ಈ ಸೀಮೆಯ ಶ್ರೀಕೃಷ್ಣ ಪಾರಿಜಾತವನ್ನು ನೋಡಬೇಕು. ಕುಲಗೋಡ ತಮ್ಮಣ್ಣನ ಹೆಸರಿನೊಂದಿಗೆ ಬೆಳೆದು ಬೆಳಗಾವಿ, ವಿಜಯಪುರ, ಬಾಗಲಕೋಟೆಯ ಹಳ್ಳಿಗಳನ್ನು ಬೆಳಗಿನವರೆಗೆ ಎಚ್ಚರವಿಡುತ್ತಿದ್ದ ಆಟ ಅದು. ನಾರದ ತಂದ ಹೂವು ರುಕ್ಮಿಣಿಯ ಮುಡಿ ಸೇರಿದೆ ಎಂಬುದು ಸತ್ಯಭಾಮೆಗೆ ಗೊತ್ತಾಗುವುದಕ್ಕಿಂತ ಬಹಳ ಮೊದಲೇ ಕಟ್ಟೆಯ ಮೇಲೆ ಕೂತ ಮುದುಕರಿಗೆ ಗೊತ್ತು. ಕೊರವಂಜಿಯ ವೇಷದಲ್ಲಿ ಕಣಿ ಹೇಳಲು ಬಂದವಳು ಕೃಷ್ಣನೇ ಎಂಬುದು ಕೂಸಿಗೂ ಗೊತ್ತು. ಆದರೂ ಯಾರೂ ಏಳುವುದಿಲ್ಲ. ಕಣಿ ಹೇಳುವ ಕೈ ಸತ್ಯಭಾಮೆಯ ಕೈ ಹಿಡಿದು ಸುಳ್ಳುಸುಳ್ಳೇ ರೇಖೆ ಓದುತ್ತಿರುವಾಗ ಜನ ಕಾಯುವುದು ಗುಟ್ಟಿಗಾಗಿ ಅಲ್ಲ, ಗುಟ್ಟು ತಲುಪಿದಾಗ ಆ ಮುಖ ಏನಾಗುತ್ತದೆ ಎಂಬುದಕ್ಕಾಗಿ. ಪುಟ ತಿರುವುವ ಒಂಟಿ ಓದುಗನಿಗೆ ಯಾರು ಎಂಬ ಪ್ರಶ್ನೆ ಸಾಕು. ಗುಂಪಾಗಿ, ಕಂತುಕಂತಾಗಿ ನೋಡುವವರಿಗೆ ಯಾವಾಗ ಎಂಬುದೇ ರುಚಿ. ನಾಲ್ಕು ಸೀಸನ್ನುಗಳಲ್ಲಿ 62 ಕಂತು ಎಳೆಯಬೇಕಾದ ಧಾರಾವಾಹಿ ಹಳೆಯ ಗಡಿಯಾರದಲ್ಲಿ ಬಚ್ಚಿಟ್ಟ ಉಯಿಲಿನ ಸುಳಿವಿನಂಥ ಒಂದೇ ಗುಟ್ಟಿನ ಮೇಲೆ ಬದುಕಲಾರದು. ಅದು ನ್ಯಾನ್ಸಿಗೂ ಏಸ್ ಎಂಬ ಹೊಸ ಹುಡುಗನಿಗೂ ನಡುವೆ ಶಾಪವೊಂದನ್ನು ತಂದಿಟ್ಟು ಕಾಯಿಸುತ್ತದೆ. ಇದು ಕಥೆಯ ದೌರ್ಬಲ್ಯವಲ್ಲ, ಮಾಧ್ಯಮದ ಹೊಟ್ಟೆಪಾಡು. ಪುಸ್ತಕದ ಅಳತೆಗೋಲಿನಿಂದ ಅದನ್ನು ಅಳೆದದ್ದೇ ವಿಮರ್ಶಕರ ತಪ್ಪು. ಈ ಮಾತನ್ನು ಪ್ರಬಂಧದ ಉಳಿದ ಭಾಗದಷ್ಟು ಅನುಮಾನದಿಂದ ಓದಬೇಕಾಗಿಲ್ಲ.

ಅಮೆರಿಕದ ಚಿತ್ರಕಥೆಗಾರರು ರನ್ನನನ್ನು ಓದಿದ್ದಕ್ಕೆ ಸಾಕ್ಷಿಯೇನು ಎಂದು ಕೇಳಿದರೆ, ಸಾಕ್ಷಿ ಒಂದೂ ಇಲ್ಲದಿರುವುದೇ ಸಾಕ್ಷಿ. ನುರಿತ ಕಳ್ಳ ಬೆರಳಚ್ಚು ಬಿಡುವುದಿಲ್ಲ. ಮುಧೋಳದವನು ಮಾತ್ರ ಈ ವಿಷಯದಲ್ಲಿ ಪ್ರಾಮಾಣಿಕ. ಸರಸ್ವತಿಯ ಭಂಡಾರದ ಮುದ್ರೆ ಒಡೆದೆನೆಂದು ಕಾವ್ಯದಲ್ಲೇ ತಪ್ಪೊಪ್ಪಿಗೆ ಬರೆದಿಟ್ಟಿದ್ದಾನೆ, ಸಾವಿರ ವರ್ಷವಾದರೂ ಯಾರೂ ಪ್ರಕರಣ ದಾಖಲಿಸಿಲ್ಲ. ಊರಿನಲ್ಲಿ ಪತ್ತೇದಾರರಿರಲಿಲ್ಲ ಎಂಬ ಮಾತೂ ನಿಲ್ಲದು. ಮುಧೋಳ ನಾಯಿಯ ಮರಿಗಳು ಮೀರತ್ತಿನ ಸೇನಾ ಕೇಂದ್ರಕ್ಕೆ ತರಬೇತಿಗೆ ಹೋದದ್ದು ಪತ್ರಿಕೆಗಳಲ್ಲೇ ಬಂದಿದೆ. ಅದು ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ತಳಿ ಎಂಬುದು ದೃಶ್ಯಮಾಧ್ಯಮದ ಪರವಾಗಿ ಇನ್ನೊಂದು ಅಂಶ.

ಪ್ರಮೇಯ ಒಂದೇ ಕಡೆ ಕುಂಟುತ್ತದೆ. ರನ್ನ ತನ್ನ ಹೆಸರನ್ನು, ತಂದೆ ಜಿನವಲ್ಲಭನ, ತಾಯಿ ಅಬ್ಬಲಬ್ಬೆಯ ಹೆಸರನ್ನು, ಬಳೆಗಾರ ಕುಲವನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡ. ಮೊದಲ ಮೂವತ್ತು ನ್ಯಾನ್ಸಿ ಡ್ರೂ ಪುಸ್ತಕಗಳಲ್ಲಿ ಇಪ್ಪತ್ತಮೂರನ್ನು ಬರೆದ ಮಿಲ್ಡ್ರೆಡ್‌ಳ ಹೆಸರು ಲೋಕಕ್ಕೆ ಸರಿಯಾಗಿ ತಿಳಿದದ್ದು 1980ರಲ್ಲಿ, ಪ್ರಕಾಶಕರು ಹಕ್ಕಿಗಾಗಿ ಬಡಿದಾಡಿಕೊಂಡ ಮೊಕದ್ದಮೆಯಲ್ಲಿ ಆಕೆ ಸಾಕ್ಷಿ ಹೇಳಲು ನಿಂತಾಗ. ಧಾರಾವಾಹಿಯೂ ಮೂಲಕ್ಕೆ ಒಮ್ಮೆ ಕೈಮುಗಿದಿದೆ. ಮೊದಲ ಕಂತಿನಲ್ಲಿ, 1977ರ ಕಿರುತೆರೆಯ ನ್ಯಾನ್ಸಿ ಪಮೇಲಾ ಸೂ ಮಾರ್ಟಿನ್ ಪ್ರೇತಗಳೊಡನೆ ಮಾತಾಡುವ ಹೆಂಗಸಾಗಿ ಬರುತ್ತಾಳೆ. ಆ ಪಾತ್ರದ ಹೆಸರು ಹ್ಯಾರಿಯೆಟ್ ಗ್ರಾಸೆಟ್. ಹ್ಯಾರಿಯೆಟ್ ಸಾವಕಾರನ ಮಗಳು, ಗ್ರಾಸೆಟ್ ಪ್ರಕಾಶನ ಸಂಸ್ಥೆ. ನೇಯ್ದವಳ ಹೆಸರು ಆ ಚೀಟಿಯ ಮೇಲೂ ಇಲ್ಲ.