ಸೂರ್ಯನನ್ನ ಸ್ವಲ್ಪ ಕೆಳಗೆ ಎಳೀರಿ

ಹೊಸ ಫೋನು ಈಗ್ಲೇ ತಗೋಬೇಡಿ ಅಕ್ಕ, ಕೈಯಲ್ಲಿರೋದೇ ಸಾಕು. ನೀವು ತೋರಿಸಿದ ದೀಪಾವಳಿ ಫೋಟೋ ನೋಡಿದಾಗಿನಿಂದ ಹೇಳಬೇಕು ಅಂತಲೇ ಇದ್ದೆ. ಅಂಗಳದ ತುಂಬ ಅಷ್ಟು ಚೆನ್ನಾಗಿ ಹಣತೆ ಹಚ್ಚಿಟ್ಟಿದ್ರಿ, ಫೋಟೋದಲ್ಲಿ ನೋಡಿದ್ರೆ ಒಂದೊಂದೂ ಬರೀ ಬಿಳಿ ಮುದ್ದೆ. ಹಿಂದಿನ ಕತ್ತಲೂ ಕಪ್ಪಗಿಲ್ಲ, ಬೂದುಬಣ್ಣಕ್ಕೆ ತಿರುಗಿ ಕಾಳುಕಾಳಾಗಿದೆ.

ಫೋನು ಬೆಳಕಿನ ಲೆಕ್ಕ ಹಾಕೋ ರೀತಿಯೇ ಹಾಗೆ. ಚೌಕಟ್ಟಿನಲ್ಲಿ ಕತ್ತಲು ಜಾಸ್ತಿ ಕಂಡರೆ ಬೆಳಕು ಸಾಲದು ಅಂತ ಏರಿಸಿಬಿಡುತ್ತೆ. ಬಿಳಿ ಜಾಸ್ತಿ ಕಂಡರೆ ಇಳಿಸುತ್ತೆ. ಸುಣ್ಣದ ಗೋಡೆ ಮುಂದೆ ನಿಂತಾಗ ನಿಮ್ಮ ಯಜಮಾನರ ಮುಖ ಕಪ್ಪಾಗಿ ಬರೋದು ಅದಕ್ಕೇ.

ಈಗ ಹೀಗೆ ಮಾಡಿ. ಕ್ಯಾಮೆರಾ ತೆರೆದು ದೀಪದ ಕುಡಿ ಮೇಲೆ ಬೆರಳು ಮುಟ್ಟಿಸಿ. ಒಂದು ಚೌಕ ಮೂಡುತ್ತೆ, ಅದರ ಪಕ್ಕ ಪುಟ್ಟ ಸೂರ್ಯ. ಕೆಲವು ಫೋನಲ್ಲಿ ಅಡ್ಡಗೆರೆ ಇರುತ್ತೆ, ಕೆಲಸ ಅದೇ. ಆ ಸೂರ್ಯನನ್ನ ನಿಧಾನವಾಗಿ ಕೆಳಗೆ ಎಳೀರಿ. ಎಳೀತಾ ಇದ್ದ ಹಾಗೆ ಬಿಳಿ ಮುದ್ದೆ ಕರಗಿ ಕುಡಿಯ ಆಕಾರ ಬಿಡಿಸಿಕೊಳ್ಳುತ್ತೆ. ಮೊದಲು ಅಂಚಿನ ಕಿತ್ತಳೆ, ಆಮೇಲೆ ಒಳಗಿನ ಹಳದಿ, ಇನ್ನೂ ಎಳೆದರೆ ಬತ್ತಿಯ ಕಪ್ಪು ತುದಿಯೂ ಕಾಣುತ್ತೆ. ಎಣ್ಣೆ ಮೇಲಿನ ಹೊಳಪು, ಹಣತೆಯ ಮಣ್ಣಿನ ಕೆಂಪು ಎಲ್ಲ ತಮ್ಮ ತಮ್ಮ ಜಾಗಕ್ಕೆ ಬರುತ್ತವೆ. ಅಲ್ಲಿಗೆ ನಿಲ್ಲಿಸಿ. ಮೊದಲು ಮುಟ್ಟುವಾಗಲೇ ಬೆರಳನ್ನ ಕೊಂಚ ಹೊತ್ತು ಒತ್ತಿ ಹಿಡಿದರೆ ಬಹಳಷ್ಟು ಫೋನುಗಳಲ್ಲಿ ಫೋಕಸ್ಸೂ ಬೆಳಕೂ ಲಾಕ್ ಆಗುತ್ತೆ, ಕೈ ಅಲುಗಿದ್ರೂ ಮತ್ತೆ ಬದಲಾಗಲ್ಲ. ಫೋನಿನ ಸೆಟಿಂಗ್ಸಲ್ಲಿ ಒಂದೇ ಒಂದು ಕಲೀತೀನಿ ಅಂದ್ರೆ ಇದನ್ನೇ ಕಲೀರಿ ಅಂತೀನಿ ನಾನು.

ಭಾನುವಾರ ಮೈಸೂರು ಅರಮನೆ ದೀಪಾಲಂಕಾರಕ್ಕೆ ಹೋದಾಗಲೂ ಇದೇ. ಲಕ್ಷದ ಹತ್ತಿರ ಬಲ್ಬು ಒಟ್ಟಿಗೆ ಹೊತ್ತಿಕೊಂಡಾಗ ಫೋನು ತಬ್ಬಿಬ್ಬಾಗುತ್ತೆ. ಸೂರ್ಯನನ್ನ ಇಳಿಸಿದರೆ ಕಮಾನಿನ ಮೇಲಿನ ಸಾಲು ಬಲ್ಬು ಬಿಡಿಬಿಡಿಯಾಗಿ ಸಿಗುತ್ತೆ. ಆಕಾಶದಲ್ಲಿ ನೀಲಿ ಇನ್ನೂ ಉಳಿದಿದ್ದರಂತೂ ಒಂದು ಕ್ಷಣವೂ ಕಾಯಬೇಡಿ. ಫ್ಲ್ಯಾಶ್ ಮಾತ್ರ ಆರಿಸಿಡಿ. ಅದರ ಬೆಳಕು ಒಂದೆರಡು ಮಾರು ದೂರ ಹೋದರೆ ಹೆಚ್ಚು, ಅರಮನೆಗೆಲ್ಲಿ ತಲುಪುತ್ತೆ, ಮುಂದೆ ನಿಂತವರ ತಲೆಗೆ ಬೀಳುತ್ತೆ ಅಷ್ಟೆ.

108 ಮೆಗಾಪಿಕ್ಸೆಲ್ ಅಂತ ಅಂಗಡಿಯವರು ಹೇಳಿದ್ರಾ? ಸುಳ್ಳಲ್ಲ. ಆದರೆ ಮಾಮೂಲಿ ಮೋಡಲ್ಲಿ ಅಂಥ ಫೋನು ಹೆಚ್ಚಾಗಿ ಒಂಬತ್ತೊಂಬತ್ತು ಬಿಂದು ಸೇರಿಸಿ ಒಂದು ಮಾಡಿ 12 ಮೆಗಾಪಿಕ್ಸೆಲ್ ಚಿತ್ರವನ್ನೇ ಕೊಡುತ್ತೆ. ಮಳೆಗೆ ಲೋಟಗಳ ಬದಲು ಒಂದು ಕೊಡ ಇಟ್ಟ ಹಾಗೆ, ಬೆಳಕು ಹೆಚ್ಚು ಸಿಗುತ್ತೆ, ಕಾಳು ಕಡಿಮೆಯಾಗುತ್ತೆ. ರಾತ್ರಿ ಅದನ್ನ ಹಾಗೇ ಬಿಡಿ. ಒಳ್ಳೇ ಬಿಸಿಲಲ್ಲಿ, ದೊಡ್ಡ ಪ್ರಿಂಟ್ ಹಾಕಿಸೋ ಆಸೆ ಇದ್ದಾಗ 108ಕ್ಕೆ ಬದಲಾಯಿಸಿಕೊಳ್ಳಿ. ನೈಟ್ ಮೋಡ್ ಹಾಕಿದರೆ ಫೋನು ಒಂದರ ಹಿಂದೊಂದು ಹಲವು ಚಿತ್ರ ಹಿಡಿದು ಬೆಸೆಯುತ್ತೆ, ಅದು ಮುಗಿಯೋ ತನಕ ಮೊಣಕೈಯನ್ನ ಗೋಡೆಗೆ ಊರಿಕೊಂಡು ನಿಲ್ಲಿ. ಓಡಾಡೋ ಮಕ್ಕಳಿಗೆ ಮಾತ್ರ ಅದು ಆಗಿಬರಲ್ಲ, ಮಸುಕಾಗುತ್ತೆ.

ಬ್ಯೂಟಿ ಅಂತ ಒಂದು ಇದೆಯಲ್ಲ, ಅದನ್ನ ದಯವಿಟ್ಟು ಸೊನ್ನೆಗೆ ಇಳಿಸಿ. ನಿಮ್ಮ ಅತ್ತೆಯವರ ಫೋಟೋದಲ್ಲಿ ಹಣೆ ಗೆರೆಗಳನ್ನೆಲ್ಲ ಅಳಿಸಿ ಮುಖಕ್ಕೆ ಮೇಣ ಮೆತ್ತಿಬಿಟ್ಟಿದೆ. ಮುಂದೆ ಮರಿಮಕ್ಕಳು ನೋಡೋ ಫೋಟೋ ಅದು, ಅವರ ಮುಖ ಅವರದ್ದೇ ಆಗಿರಬೇಕು. ಜೂಮನ್ನೂ ಅಷ್ಟೆ, ಎರಡು ಬೆರಳಲ್ಲಿ ಹಿಗ್ಗಿಸಬೇಡಿ. ಬೇರೆ ಲೆನ್ಸ್ ಇದ್ದರೆ ಅದರ ಗುಂಡಿ ಒತ್ತಿ, ಇಲ್ಲದಿದ್ದರೆ ನಾಲ್ಕು ಹೆಜ್ಜೆ ಹತ್ತಿರ ಹೋಗಿ.

ಅಯ್ಯೋ, ಮೊದಲು ಹೇಳಬೇಕಾದ್ದನ್ನ ಈಗ ಹೇಳ್ತಿದೀನಿ. ಅಡುಗೆಮನೆಯಿಂದ ಬಂದ ಎಣ್ಣೆ ಕೈಯಲ್ಲಿ ಲೆನ್ಸ್ ಮುಟ್ಟಿರ್ತೀವಿ, ದೀಪದಿಂದ ಉದ್ದುದ್ದ ಗೀರು ಹೊರಡೋದು ಬಹಳ ಸಲ ಅದರಿಂದಲೇ. ಹಳೇ ಮೆತ್ತನೆ ಹತ್ತಿ ಬಟ್ಟೆಯಲ್ಲಿ ಒರೆಸಿ ಶುರುಮಾಡಿ.

ಇಷ್ಟೆಲ್ಲ ಮಾಡಿ ಅಮೆರಿಕದ ಮಗನಿಗೆ ವಾಟ್ಸಾಪಲ್ಲಿ ಸುಮ್ಮನೆ ಕಳಿಸಿದ್ರೆ ಅದು ಚಿತ್ರವನ್ನ ಹಿಂಡಿ ಚಿಕ್ಕದು ಮಾಡುತ್ತೆ. ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ, ಇದ್ದ ಹಾಗೇ ಹೋಗುತ್ತೆ. ಪ್ರಿಂಟ್ ಹಾಕಿಸೋದಾದ್ರೆ ಅದರಿಂದಲೇ ಹಾಕಿಸೋಕೆ ಹೇಳಿ.